ನರರೋಗದ ಭಯ, ಸ್ಟಾರ್ಟರಿನ ಮರೆವು



ಹೊಲದ ಮೇಲೆ ಹೈಟೆನ್ಷನ್ ತಂತಿ ಹಾದುಹೋದ ಊರುಗಳಲ್ಲಿ ಸಭೆ ನಡೆಸಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಈ ತಂತಿಯ ಕೆಳಗೆ ಕಳೆ ಕಿತ್ತರೆ ನರ ಸತ್ತುಹೋಗುತ್ತದಂತೆ, ನಿಜವೇ ಸಾರ್?" ಹಾಗೆ ಕೇಳಿದವರ ಪಂಪ್‌ಮನೆಗೆ ಹೋಗಿ ನೋಡಿದರೆ ಎಷ್ಟೋ ಸಲ ಸ್ಟಾರ್ಟರಿಗೆ ಮುಚ್ಚಳವಿರುವುದಿಲ್ಲ, ಅರ್ಥಿಂಗ್ ತಂತಿ ಕಳಚಿ ನೇತಾಡುತ್ತಿರುತ್ತದೆ. ಭಯವೆಲ್ಲ ಮೇಲಿನ ತಂತಿಯ ಮೇಲಿದೆ, ಅಪಾಯ ಕೈಗೆಟುಕುವಲ್ಲಿದೆ. ಈ ವಾರ ಎರಡನ್ನೂ ತೂಗಿ ನೋಡೋಣ.

ಪ್ರಶ್ನೆ ಹುಸಿಯದಲ್ಲ. ನಮ್ಮ ಮಿದುಳು ಮತ್ತು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳಿವೆ. ಅವು ಒಂದೊಂದಾಗಿ ಸಾಯುವ ರೋಗಕ್ಕೆ ಎ.ಎಲ್.ಎಸ್. ಎಂದು ಹೆಸರು. ಕೈಕಾಲು ಸೊರಗಿ, ಮಾತು ತೊದಲಿ, ಕೊನೆಗೆ ಉಸಿರಾಟಕ್ಕೇ ಕುತ್ತು ಬರುತ್ತದೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರನ್ನು ಗಾಲಿಕುರ್ಚಿಗೆ ಕೂರಿಸಿದ್ದು ಇದೇ ಗುಂಪಿನ ರೋಗ. ವಿದ್ಯುತ್ ಕೆಲಸಗಾರರಲ್ಲಿ ಇದು ಹೆಚ್ಚೇ ಎಂದು ಹಲವು ದೇಶಗಳಲ್ಲಿ ಪರಿಶೀಲಿಸಿದ್ದಾರೆ. ಅಮೆರಿಕದ ಐದು ವಿದ್ಯುತ್ ಕಂಪನಿಗಳ ಸುಮಾರು 1,40,000 ನೌಕರರ ಲೆಕ್ಕ 1998ರಲ್ಲಿ ಹೊರಬಂತು. ತಂತಿ, ಯಂತ್ರಗಳ ಹತ್ತಿರ ಬಹಳ ವರ್ಷ ದುಡಿದವರಲ್ಲಿ ಎ.ಎಲ್.ಎಸ್. ಸಾವು ಹೆಚ್ಚಾಗಿ ಕಂಡಿತು. ಅದೇ ವರ್ಷ ಡೆನ್ಮಾರ್ಕ್‌ನಲ್ಲಿ ಸುಮಾರು 21,000 ವಿದ್ಯುತ್ ನೌಕರರ ಲೆಕ್ಕದಲ್ಲೂ ಸಾವು ಇಮ್ಮಡಿಯಷ್ಟಿತ್ತು. ನೆದರ್‌ಲ್ಯಾಂಡ್ಸ್‌ನ 2017ರ ಅಧ್ಯಯನವೂ ಹೆಚ್ಚಿನ ಕಾಂತಕ್ಷೇತ್ರದಲ್ಲಿ ಕೆಲಸ ಮಾಡಿದ ಗಂಡಸರಲ್ಲಿ ಸುಮಾರು ಎರಡು ಪಟ್ಟು ಎಂದಿತು. ಆದರೆ ಶಾಕ್ ಹೊಡೆಯುವ ಸಂಭವವುಳ್ಳ ಕೆಲಸಕ್ಕೂ ಈ ರೋಗಕ್ಕೂ ಅಲ್ಲಿ ಸ್ಪಷ್ಟ ಸಂಬಂಧ ಸಿಗಲಿಲ್ಲ.

"ಎರಡು ಪಟ್ಟು" ಎಂದೊಡನೆ ಗಾಬರಿಯಾಗಬೇಡಿ. ಇಳುವರಿ ಎರಡು ಪಟ್ಟಾಯಿತು ಎಂದರೆ ಮೊದಲು ಎಷ್ಟಿತ್ತು ಎಂದು ನೀವು ಕೇಳುತ್ತೀರಲ್ಲವೇ? ಇಲ್ಲಿಯೂ ಹಾಗೆಯೇ ಕೇಳಬೇಕು. ಯೂರೋಪಿನಲ್ಲಿ ಈ ರೋಗ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಎರಡು ಮೂವರಿಗೆ ಹೊಸದಾಗಿ ಬರುತ್ತದೆ. ಇಮ್ಮಡಿಯಾದರೂ ನಾಲ್ಕೈದು ಮಂದಿ. ಅಲ್ಲದೆ, ಇಂಥ ಅನೇಕ ಅಧ್ಯಯನಗಳು ಕೆಲಸದ ಹೆಸರು ನೋಡಿ ಕಾಂತಕ್ಷೇತ್ರವನ್ನು ಅಂದಾಜು ಮಾಡಿದವು. ಕಾರಣ ಕಾಂತಕ್ಷೇತ್ರವೋ, ಆ ಕೆಲಸದ ಇನ್ನಾವುದೋ ಅಂಶವೋ ಎಂದು ಬಿಡಿಸಿ ಹೇಳುವುದು ಹಾಗಾಗಿ ಕಷ್ಟ. ಸಾಕ್ಷ್ಯ ಸಾಲದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2007ರ ತೀರ್ಮಾನ.

ಇನ್ನೊಂದು ಮಾತು. ಅವು ದಿನವಿಡೀ ಅದೇ ಉದ್ಯೋಗದಲ್ಲಿದ್ದವರ ಲೆಕ್ಕ. ವರ್ಷದಲ್ಲಿ ಕೆಲವು ದಿನ ತಂತಿಯ ಕೆಳಗೆ ಕಳೆ ಕೀಳುವವರ ಲೆಕ್ಕವಲ್ಲ. ಕಾಂತಕ್ಷೇತ್ರ ದೂರ ಹೋದಂತೆ ಬೇಗ ಕುಗ್ಗುತ್ತದೆ. ದೊಡ್ಡ ಲೈನಿನ ಕೆಳಗೆ ತಂತಿಬೇಲಿ ಮುಟ್ಟಿದಾಗ ಚುರ್ ಎನ್ನುವುದು ಕಾಂತಕ್ಷೇತ್ರದಿಂದಲ್ಲ, ಹೆಚ್ಚಿನ ವೋಲ್ಟೇಜಿನಿಂದ. ಅಂಥ ಬೇಲಿಗೆ ಅರ್ಥಿಂಗ್ ಕೊಡಿಸಿ. ಉದ್ದನೆಯ ಪೈಪು, ಅಲ್ಯೂಮಿನಿಯಂ ಏಣಿಗಳನ್ನು ಅಲ್ಲಿ ಎತ್ತಬೇಡಿ.

ಈಗ ಸಂಶಯವೇ ಇಲ್ಲದ ಸಂಗತಿಗೆ ಬರೋಣ. ಡೆನ್ಮಾರ್ಕ್‌ನ ಅದೇ ಲೆಕ್ಕದಲ್ಲಿ ಎಲ್ಲಕ್ಕಿಂತ ಎದ್ದು ಕಂಡದ್ದು ನರರೋಗವಲ್ಲ, ವಿದ್ಯುತ್ ಅಪಘಾತದ ಸಾವು. ನಮ್ಮ ದೇಶದಲ್ಲಿ 2021ರಲ್ಲಿ 12,000ಕ್ಕೂ ಹೆಚ್ಚು ಜನ ವಿದ್ಯುತ್ ತಗುಲಿ ಸತ್ತರು. ಬದುಕಿ ಉಳಿದವರ ನರಗಳಿಗೂ ಪೆಟ್ಟು ಬೀಳುವುದುಂಟು. ಜೋಮು, ಹಿಡಿತ ಸಡಿಲಿಕೆ, ನಿದ್ರೆ ಕೆಡುವುದು, ಮರೆವು, ಇವು ಕೂಡಲೇ ಕಾಣದೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಕಾಣಬಹುದು. ಆದ್ದರಿಂದ ಜೋರಾಗಿ ಶಾಕ್ ಹೊಡೆದವರು "ಏನೂ ಆಗಿಲ್ಲ" ಎಂದು ಎದ್ದು ಹೋಗಬಾರದು. ಅಂದೇ ವೈದ್ಯರಲ್ಲಿ ಹೃದಯದ ಪರೀಕ್ಷೆ ಮಾಡಿಸಿ, ದಿನಾಂಕ ಬರೆಸಿ ಚೀಟಿ ಇಟ್ಟುಕೊಳ್ಳಿ. ಮುಂದೆ ಕೈ ಸೋತರೆ ಚಿಕಿತ್ಸೆಗೂ ಪರಿಹಾರಕ್ಕೂ ಅದೇ ಆಧಾರ.

"ಫ್ಯೂಸ್ ಇದೆಯಲ್ಲ" ಎಂದು ಅನೇಕರು ಹೇಳುತ್ತಾರೆ. ಐದು ಅಶ್ವಶಕ್ತಿಯ ಮೋಟಾರು ಓಡುವಾಗಲೇ ಸುಮಾರು ಏಳು ಆಂಪಿಯರ್ ಎಳೆಯುತ್ತದೆ. ಫ್ಯೂಸ್ ಅದಕ್ಕೂ ಮೇಲಿನದು. ಮನುಷ್ಯನನ್ನು ಕೊಲ್ಲಲು ಆಂಪಿಯರಿನ ಇಪ್ಪತ್ತನೇ ಒಂದು ಭಾಗ ಸಾಕಾಗಬಹುದು. ಎಂದರೆ ಫ್ಯೂಸ್ ಕಾಯುವುದು ತಂತಿಯನ್ನು, ನಿಮ್ಮನ್ನಲ್ಲ. ನಿಮ್ಮನ್ನು ಕಾಯಲು ಮೂರು ಕೆಲಸ ಮಾಡಿ:

1. ಮೋಟಾರಿಗೂ ಸ್ಟಾರ್ಟರ್ ಪೆಟ್ಟಿಗೆಗೂ ಸರಿಯಾದ ಅರ್ಥಿಂಗ್ ಮಾಡಿಸಿ, ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕಿ.

2. ಪರವಾನಗಿ ಪಡೆದ ಕೆಲಸಗಾರರಿಂದ, ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ 30 ಮಿಲಿಆಂಪಿಯರ್ ಇ.ಎಲ್.ಸಿ.ಬಿ. ಹಾಕಿಸಿ. ಅದು ಪದೇಪದೇ ಬಿದ್ದರೆ ಕೇಬಲ್ ಸೋರುತ್ತಿದೆ ಎಂದು ತಿಳಿಯಿರಿ. ಇ.ಎಲ್.ಸಿ.ಬಿ.ಯನ್ನೇ ತೆಗೆದುಹಾಕಬೇಡಿ.

3. ರಾತ್ರಿ ಪಾಳಿಯ ತ್ರೀ-ಫೇಸ್‌ಗೆ ಕಾದು ಎದ್ದುಹೋಗುವವರು ಒಣಗಿದ ಕೈ, ರಬ್ಬರ್ ಚಪ್ಪಲಿ, ಟಾರ್ಚ್ ಇಲ್ಲದೆ ಸ್ಟಾರ್ಟರ್ ಮುಟ್ಟಬೇಡಿ.

ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ. ಅಪಘಾತವಾದರೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಲೇಬೇಕೆಂದು 2003ರ ವಿದ್ಯುತ್ ಕಾಯ್ದೆಯ 161ನೇ ಕಲಮು ಹೇಳುತ್ತದೆ. ತಿಳಿಸಿದ್ದಾರೆಯೇ ಎಂದು ವಿಚಾರಿಸಿ.

ಕೊನೆಯದಾಗಿ, ನಿಮ್ಮೂರಿನ ಲೈನ್‌ಮನ್‌ನನ್ನೂ ನೆನೆಯಿರಿ. ಮೇಲಿನ ಅಧ್ಯಯನಗಳ ಮಾತು ಯಾರಿಗಾದರೂ ನಿಜವಾಗಿ ತಟ್ಟುವುದಾದರೆ ಅದು ಕಂಬದ ಮೇಲೆ ಆಯುಷ್ಯ ಕಳೆಯುವ ಅವನಿಗೆ. ಪೈರು ಒಣಗುತ್ತಿದೆ, ಬೇಗ ಬೇಗ ಎಂದು ಕೆಳಗೆ ನಿಂತು ಅವಸರಪಡಿಸಬೇಡಿ. ಲೈನು ಆಫ್ ಆಗಿದೆಯೆಂದು ಖಚಿತವಾಗಿ, ಅವನು ಕೈಗವಸು ಹಾಕಿಕೊಳ್ಳುವವರೆಗೆ ಕಾಯಿರಿ. ಒಂದು ಗಂಟೆ ತಡವಾದರೆ ಪೈರು ತಡೆದೀತು.