ಮುಪ್ಪಿನ ಸೇವೆ ಯಾರಿಗೆ? ಮುಪ್ಪಿನ ಕೂಲಿ ಯಾರಿಗೆ?

ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ ಹೋಬಳಿಯ ಹೆಸರಿನಲ್ಲೇ ಒಂದು ಛತ್ರವಿದೆ. ದಾರಿಹೋಕನಿಗೆ ಒಂದು ಹೊತ್ತಿನ ಅನ್ನ, ಒಂದು ರಾತ್ರಿಯ ನೆರಳು ಕೊಡುವ ಜಾಗಕ್ಕೆ ನಮ್ಮ ಹಿರಿಯರು ಛತ್ರವೆಂದರು. ಅದು ದೊಡ್ಡ ಮನಸ್ಸಿನ ಕೆಲಸ. ಅದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಛತ್ರದ ಒಂದು ನಿಯಮವನ್ನು ಮರೆಯಬಾರದು. ಉಂಡವನು ಬೆಳಗಾಗುತ್ತಲೇ ಎದ್ದು ಹೊರಡಬೇಕು. ಅಲ್ಲಿ ಉಣ್ಣುವವನಿಗೆ ಹಸಿವಿದೆ, ಹಕ್ಕಿಲ್ಲ. ದಾನಕ್ಕೂ ಹಕ್ಕಿಗೂ, ಸೇವೆಗೂ ಕೂಲಿಗೂ ಇರುವ ಈ ಅಂತರವನ್ನೇ ಈ ವಾರ ಓದುಗ ಬಂಧುಗಳ ಮುಂದಿಡಬೇಕಾಗಿದೆ. ಅದಕ್ಕಾಗಿ ದೂರದ ಅಮೆರಿಕದಿಂದ ಬೆಂಗಳೂರಿಗೆ ಸೇವೆಗೆಂದು ಬರುವ ವೃದ್ಧ ದಂಪತಿಗಳ ವಿಷಯದಿಂದ ಆರಂಭಿಸುತ್ತೇವೆ.

ಅಮೆರಿಕದಲ್ಲಿ ಮಾರ್ಮನ್ನರೆಂಬ ಕ್ರೈಸ್ತ ಪಂಗಡವೊಂದಿದೆ. 1830ರಲ್ಲಿ ಹುಟ್ಟಿದ ಈ ಸಭೆಯ ಮುಖ್ಯ ಕೇಂದ್ರ ಸಾಲ್ಟ್ ಲೇಕ್ ಎಂಬ ಪಟ್ಟಣ. ನಮ್ಮ ದೇಶದಲ್ಲಿ ಇವರ ಅನುಯಾಯಿಗಳು ಕೆಲವು ಸಾವಿರ ಮಂದಿ ಮಾತ್ರ. 1993ರಲ್ಲಿ ಬೆಂಗಳೂರಿನಲ್ಲಿ ಇವರ ಮಿಷನ್ ಆರಂಭವಾಯಿತು. 2018ರಲ್ಲಿ ಅಲ್ಲೊಂದು ದೇವಾಲಯ ಕಟ್ಟುವುದಾಗಿ ಸಾರಿ, 2020ರ ಡಿಸೆಂಬರಿನಲ್ಲಿ ಭೂಮಿಪೂಜೆಯಂಥ ವಿಧಿಯನ್ನೂ ಮುಗಿಸಿದರು. ಈ ಸಭೆಯಲ್ಲಿ ಒಂದು ಏರ್ಪಾಡುಂಟು. ಮಕ್ಕಳು ದೊಡ್ಡವರಾಗಿ, ಕೆಲಸದಿಂದ ನಿವೃತ್ತರಾದ ಗಂಡ ಹೆಂಡಿರು ಹೆಸರು ಕೊಟ್ಟರೆ, ಸಭೆಯು ಅವರನ್ನು ಯಾವುದಾದರೊಂದು ದೇಶಕ್ಕೆ ಕಳುಹಿಸುತ್ತದೆ. ಆರು ತಿಂಗಳಿಂದ ಎರಡು ವರ್ಷದ ಸಮೀಪದವರೆಗೆ ಅವರು ಅಲ್ಲಿರುತ್ತಾರೆ. ಕಚೇರಿಯ ಲೆಕ್ಕ ಬರೆಯುತ್ತಾರೆ, ಕಷ್ಟದಲ್ಲಿರುವವರ ಮನೆಗೆ ಹೋಗುತ್ತಾರೆ, ಪರಿಹಾರದ ಕೆಲಸ ನೋಡಿಕೊಳ್ಳುತ್ತಾರೆ. ಸಂಬಳವಿಲ್ಲ. ಖರ್ಚಿನ ಬಹುಪಾಲು ಅವರದೇ ಜೇಬಿನಿಂದ.

ಬೆಂಗಳೂರಿನಂಥ ಊರನ್ನು ನೆನೆಯಿರಿ. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ, ಹಿಂದಿ. ಮಸೀದಿಯ ಪಕ್ಕಕ್ಕೆ ಮಾರಮ್ಮನ ಗುಡಿ, ಅದರಾಚೆಗೆ ಇಗರ್ಜಿ. ಅಂಥ ಊರಿಗೆ ಅರವತ್ತೈದು, ಎಪ್ಪತ್ತು ವರ್ಷದ ಮುದುಕ ಮುದುಕಿ ಬಂದು, ಬಾರದ ಭಾಷೆಯಲ್ಲಿ ಕೈಸನ್ನೆ ಮಾಡಿ, ನಮ್ಮ ಖಾರ ತಿಂದು, ನಮ್ಮ ಧೂಳು ಕುಡಿದು ಇರುತ್ತಾರೆಂದರೆ ಅದು ಸುಲಭದ ಮಾತಲ್ಲ. ಅವರನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಮಿಷನರಿಗಳ ಉಪಕಾರವನ್ನು ಉಂಡು ಮರೆಯುವವರೂ ನಾವಲ್ಲ. ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಮೈಸೂರಿನಲ್ಲಿ ತೆರೆದ ಆಸ್ಪತ್ರೆಗೆ ಒಬ್ಬ ಪಾದ್ರಿಯ ಹೆಂಡತಿ ಮೇರಿ ಹೋಲ್ಡ್ಸ್‌ವರ್ತ್ ಅವರ ಹೆಸರಿದೆ. ನಮ್ಮ ಜನ ಅದನ್ನು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. 1894ರಲ್ಲಿ ಅಚ್ಚಾದ ಕಿಟ್ಟೆಲ್ ಪಾದ್ರಿಯ ನಿಘಂಟು ಇಲ್ಲದಿದ್ದರೆ ಕನ್ನಡದ ಎಷ್ಟೋ ಮಾತುಗಳ ಲೆಕ್ಕವೇ ಸಿಗುತ್ತಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಬೇಕು.

ಆದರೆ ಕೈಮುಗಿದು ಸುಮ್ಮನಾಗುವುದು ಭಕ್ತರ ಕೆಲಸ. ಪ್ರಶ್ನೆ ಕೇಳುವುದು ದುಡಿಯುವವರ ಕೆಲಸ. ನಮ್ಮವು ಎರಡು ಪ್ರಶ್ನೆ.

ಮೊದಲನೆಯದು: ಈ ವೃದ್ಧರಿಂದ ಬಿಟ್ಟಿ ದುಡಿಮೆ ಪಡೆಯುವ ಸಭೆ ಬಡ ಸಭೆಯೇ? ಅದರ ಅನುಯಾಯಿಗಳು ತಮ್ಮ ಆದಾಯದ ಹತ್ತರಲ್ಲೊಂದು ಪಾಲನ್ನು ಸಭೆಗೆ ಒಪ್ಪಿಸಬೇಕು. ಹಾಗೆ ಕೂಡಿದ ಹಣ ಎಲ್ಲಿಗೆ ಹೋಯಿತು? 2023ರ ಫೆಬ್ರವರಿಯಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ ಇದರ ಒಂದು ಮೂಲೆಯನ್ನು ಬಯಲಿಗೆಳೆಯಿತು. ಸಭೆಯ ಹಣ ನೋಡಿಕೊಳ್ಳುವ ಸಂಸ್ಥೆಯು ಹದಿಮೂರು ಹೆಸರಿಗಷ್ಟೇ ಇದ್ದ ಕಂಪನಿಗಳ ಹಿಂದೆ ತನ್ನ ಷೇರುಗಳನ್ನು ಅಡಗಿಸಿಟ್ಟಿತ್ತು. 2018ರ ಹೊತ್ತಿಗೆ ಆ ಗಂಟು 3,200 ಕೋಟಿ ಡಾಲರಿನಷ್ಟು ಬೆಳೆದಿತ್ತು. ಸಂಸ್ಥೆ 40 ಲಕ್ಷ ಡಾಲರ್, ಸಭೆ 10 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿದವು. ಮುದುಕಿ ವಿಮಾನ ಹತ್ತಿ ಬಂದು ಸಂಬಳವಿಲ್ಲದೆ ಕಚೇರಿಯ ಕಾಗದ ಜೋಡಿಸುತ್ತಾಳೆ. ಅವಳನ್ನು ಕಳುಹಿಸಿದ ಧಣಿಯ ಪೆಟ್ಟಿಗೆಯಲ್ಲಿ ಮೂರು ಸಾವಿರ ಕೋಟಿ ಡಾಲರಿಗೂ ಮಿಕ್ಕ ಷೇರು! ಸೇವೆ ಮಾಡುವವರು ಕೆಳಗಿನವರು, ಗಂಟು ಕಾಯುವವರು ಮೇಲಿನವರು. ಈ ನೀತಿ ಒಂದು ಮತದ್ದಲ್ಲ. ನಮ್ಮ ಮಠಮಂದಿರಗಳ ಅಡಿಗೆಮನೆಯಲ್ಲಿ ಪುಣ್ಯಕ್ಕಾಗಿ ಪಾತ್ರೆ ಉಜ್ಜುವವರು ಯಾರು, ಹುಂಡಿಯ ಬೀಗದ ಕೈ ಇಟ್ಟುಕೊಂಡವರು ಯಾರು ಎಂಬುದನ್ನು ಓದುಗರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಎರಡನೆಯದೇ ಮುಖ್ಯ ಪ್ರಶ್ನೆ: ಆ ಅಮೆರಿಕದ ಮುದುಕ ಮುದುಕಿಗೆ ಸಂಬಳವಿಲ್ಲದೆ ವರ್ಷಗಟ್ಟಲೆ ಸೇವೆ ಮಾಡುವ ಅನುಕೂಲ ಎಲ್ಲಿಂದ ಬಂತು? ದೇವರು ಕೊಟ್ಟನೇ? ಅಲ್ಲ. ಉಳಿತಾಯದ ಮಾತು ಹಾಗಿರಲಿ. ಅದರ ಬುಡದಲ್ಲಿ ಒಂದು ಕಾನೂನಿದೆ. 1930ರ ದಶಕದ ಮಹಾ ಕುಸಿತದಲ್ಲಿ ಆ ದೇಶದ ವೃದ್ಧರು ಬೀದಿಗೆ ಬಿದ್ದಿದ್ದರು. ಆಗ ಕ್ಯಾಲಿಫೋರ್ನಿಯದ ಟೌನ್ಸೆಂಡ್ ಎಂಬ ವೈದ್ಯ, ಅರವತ್ತು ದಾಟಿದವರಿಗೆಲ್ಲ ತಿಂಗಳಿಗೆ 200 ಡಾಲರ್ ಕೊಡಿ ಎಂದು ಕೂಗೆಬ್ಬಿಸಿದ. ಊರೂರಿನಲ್ಲಿ ವೃದ್ಧರು ಸಂಘ ಕಟ್ಟಿದರು, ಸಹಿ ಹಾಕಿದರು, ಸರ್ಕಾರದ ಕದ ತಟ್ಟಿದರು. 1935ರ ಆಗಸ್ಟ್ 14ರಂದು ರೂಸ್‌ವೆಲ್ಟ್ ಸಾಮಾಜಿಕ ಭದ್ರತೆಯ ಕಾನೂನಿಗೆ ಸಹಿ ಹಾಕಿದ. ಕೇಳಿದಷ್ಟು ಸಿಗಲಿಲ್ಲ, ಹೊಲದ ಕೂಲಿಗಾರರನ್ನೂ ಮನೆಗೆಲಸದವರನ್ನೂ ಮೊದಲು ಹೊರಗಿಟ್ಟರು, ಅವರು ಒಳಗೆ ಬರಲು ಇನ್ನೂ ಹದಿನೈದು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಆದರೂ ಮುಪ್ಪಿನ ಅನ್ನ ದಾನವಲ್ಲ, ಹಕ್ಕು ಎಂಬ ಮಾತು ಕಾನೂನಿನ ಪುಸ್ತಕ ಸೇರಿತು. ಇಂದು ಅಲ್ಲಿಂದ ಬರುವ ವೃದ್ಧ ದಂಪತಿಗಳ ಬೆನ್ನಿಗೆ ಆ ಹಕ್ಕು ನಿಂತಿದೆ. ಸೇವೆ ಮಾಡುವವನಿಗೂ ಮೊದಲು ಹೊಟ್ಟೆ ತುಂಬಿರಬೇಕಲ್ಲವೆ?

ಈಗ ನಮ್ಮ ಕಡೆಯ ದಂಪತಿಗಳನ್ನು ನೋಡೋಣ. ನಂಜನಗೂಡು, ತಿರುಮಕೂಡಲು ನರಸೀಪುರದ ಹಳ್ಳಿಗಳಿಂದಲೂ ಅರವತ್ತು ದಾಟಿದ ಗಂಡ ಹೆಂಡಿರು ಬೆಂಗಳೂರಿಗೆ ಹೋಗುತ್ತಾರೆ. ಯಾವ ಸೇವೆಗೆ? ಆತ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹನ್ನೆರಡು ಗಂಟೆ ವಾಚ್‌ಮನ್. ಆಕೆ ಅದೇ ಕಟ್ಟಡದ ನಾಲ್ಕು ಮನೆಗಳಲ್ಲಿ ಮುಸುರೆ ತಿಕ್ಕುವಾಕೆ. ನೀರಿನ ಪಂಪಿನ ಪಕ್ಕದ ಒಂದು ಕೋಣೆ ಅವರ ಸಂಸಾರ. ಇವರ ಬೆವರನ್ನು ಸೇವೆಯೆಂದು ಯಾರೂ ಹೊಗಳುವುದಿಲ್ಲ. ಒಂದೇ ಊರು, ಒಂದೇ ವಯಸ್ಸು. ಒಂದು ಜೋಡಿ ದುಡಿಮೆ ಮುಗಿಸಿ ಬಂದಿದೆ, ಇನ್ನೊಂದು ಜೋಡಿಗೆ ದುಡಿಮೆ ಮುಗಿಯುವುದೇ ಇಲ್ಲ.

ಯಾಕೆ ಹೀಗೆ? ಲೆಕ್ಕ ಕೇಳಿ. ಮಿಲ್ಲು ಫ್ಯಾಕ್ಟರಿಗಳಲ್ಲಿ ಪಿ.ಎಫ್. ಕಟ್ಟಿದವನಿಗೆ 1995ರಲ್ಲಿ ಒಂದು ಪಿಂಚಣಿ ಯೋಜನೆ ಬಂತು. 2014ರಲ್ಲಿ ಅದರ ಕನಿಷ್ಠ ಮೊತ್ತವನ್ನು ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಿದರು. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 15,000 ಎಂದರು. ಸಂಬಳವನ್ನು ಸೇವಾವಧಿಯಿಂದ ಗುಣಿಸಿ 70ರಿಂದ ಭಾಗಿಸುವುದು ಆ ಯೋಜನೆಯ ಸೂತ್ರ. ಮಿತಿಯ ತುದಿಯವರೆಗೂ ಹೋದವನಿಗೆ, 35 ವರ್ಷದ ಲೆಕ್ಕ ಹಿಡಿದರೂ, ಕೈಗೆ ಬರುವುದು 7,500. ಯಂತ್ರದ ಮುಂದೆ ಮೂವತ್ತೈದು ವರ್ಷ ನಿಂತವನ ಸೊಂಟಕ್ಕೆ ಇಷ್ಟು ಬೆಲೆ! ಅದೂ ಮಿಲ್ಲು ಅಷ್ಟು ಕಾಲ ನಡೆದರೆ. 1996ರಲ್ಲಿ ಮೈಸೂರಿನ ಐಡಿಯಲ್ ಜಾವಾ ಬಾಗಿಲು ಮುಚ್ಚಿದಾಗ ನಡುವಯಸ್ಸಿನಲ್ಲಿ ಕೆಲಸ ಕಳೆದುಕೊಂಡವರ ಪಾಡನ್ನು ಈ ಜಿಲ್ಲೆ ಕಣ್ಣಾರೆ ಕಂಡಿದೆ. ಕಾಂಟ್ರಾಕ್ಟರನ ಕೈಕೆಳಗೆ ಇಂದು ಇಲ್ಲಿ, ನಾಳೆ ಅಲ್ಲಿ ದುಡಿಯುವವನಿಗಂತೂ ವರ್ಷಗಳ ಲೆಕ್ಕವೇ ಕೂಡಿಬರುವುದಿಲ್ಲ.

ಅಂಗಡಿಯ ಬಂಧುಗಳು ತಮ್ಮ ಪಾಡು ಬೇರೆಯೆಂದು ತಿಳಿಯಬಾರದು. 2019ರಲ್ಲಿ ಸಣ್ಣ ವ್ಯಾಪಾರಿಗಳಿಗೆಂದು ಕೇಂದ್ರ ಸರ್ಕಾರ ಒಂದು ಯೋಜನೆ ಸಾರಿತು: ಅರವತ್ತಾದ ಮೇಲೆ ತಿಂಗಳಿಗೆ 3,000 ರೂಪಾಯಿ. ಸೇರಲು ವಯಸ್ಸು 18ರಿಂದ 40. ತಿಂಗಳು ತಿಂಗಳೂ ಸ್ವಂತ ಕಂತು ಕಟ್ಟಬೇಕು. ನಲವತ್ತೊಂದಾದ ದಿನಸಿ ಅಂಗಡಿಯವನಿಗೆ ಬಾಗಿಲು ಮುಚ್ಚಿತು! ಇಪ್ಪತ್ತು ವರ್ಷದ ನಂತರ ಆ ಮೂರು ಸಾವಿರಕ್ಕೆ ಎಷ್ಟು ಅಕ್ಕಿ ಬರುತ್ತದೆಂದು ತಕ್ಕಡಿ ಹಿಡಿದ ನಿಮಗೇ ಗೊತ್ತು. ಇನ್ನು ಏನೂ ಇಲ್ಲದ ಬಡ ವೃದ್ಧರಿಗೆ ಕೊಡುವ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ, ಎಂಬತ್ತು ತುಂಬದವರಿಗೆ ಕೇಂದ್ರದ ಪಾಲನ್ನು 200 ರೂಪಾಯಿಗೆ ಕಟ್ಟಿಹಾಕಿ ವರ್ಷಗಳೇ ಉರುಳಿದವು. ದಿನಕ್ಕೆ ಏಳು ರೂಪಾಯಿಯೂ ಆಗಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಪಾದ್ರಿಗಳಿಂದಲೋ ಮಠಾಧಿಪತಿಗಳಿಂದಲೋ ನಮ್ಮ ಸರ್ಕಾರಗಳೂ ಸೇವೆಯೆಂಬ ಮಂತ್ರವನ್ನು ಕಲಿತಿವೆ. 2005ರಲ್ಲಿ ಆಶಾ ಯೋಜನೆ ಬಂದಾಗ ಆ ಹೆಣ್ಣುಮಕ್ಕಳನ್ನು ಕೆಲಸಗಾರರೆನ್ನಲಿಲ್ಲ, ಸ್ವಯಂಸೇವಕಿಯರೆಂದರು. ಕೊರೋನಾ ಕಾಲದಲ್ಲಿ ಮನೆಮನೆ ಅಲೆದವರು ಇವರೇ. 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಕೇಳಿ ಕರ್ನಾಟಕದ ಆಶಾಗಳು ಮುಷ್ಕರ ಹೂಡಬೇಕಾಯಿತು. ಅಂಗನವಾಡಿಯವರದೂ ಇದೇ ಗೋಳು; ಅವರಿಗೂ ಗ್ರಾಚ್ಯುಟಿಯ ಹಕ್ಕಿದೆಯೆಂದು ಸುಪ್ರೀಂ ಕೋರ್ಟು ಹೇಳಲು 2022 ಬರಬೇಕಾಯಿತು. ಸೇವೆ, ಗೌರವಧನ, ತ್ಯಾಗ! ಕೂಲಿ ಕೊಡಲೊಲ್ಲದ ಧಣಿಯ ಬಾಯಲ್ಲಿ ಎಂಥ ಮಧುರ ಶಬ್ದಗಳು!

ಇಲ್ಲಿ ಇನ್ನೊಂದು ಎಚ್ಚರಿಕೆ. ವಿದೇಶಿ ಮುದುಕನೊಬ್ಬ ಬೈಬಲ್ ಹಿಡಿದು ಬಂದನೆಂದ ಕೂಡಲೆ, ಮತ ಕೆಟ್ಟಿತು ಎಂದು ಬೊಬ್ಬೆಹಾಕುವವರಿದ್ದಾರೆ. 2022ರಲ್ಲಿ ಈ ರಾಜ್ಯದಲ್ಲಿ ಮತಾಂತರದ ಮೇಲೆ ಕಾನೂನೇ ಆಯಿತು. ಮತ ಬದಲಿಸುವವನು ಮೂವತ್ತು ದಿನ ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದರು. 2023ರಲ್ಲಿ ಹೊಸ ಸಂಪುಟ ಅದನ್ನು ರದ್ದು ಮಾಡಲು ನಿರ್ಧರಿಸಿತು. ಬಡವನು ಯಾವ ದೇವರಿಗೆ ಕೈಮುಗಿಯುತ್ತಾನೆಂಬ ವಿಷಯದಲ್ಲಿ ಇಷ್ಟು ಕಾಳಜಿ. ಆ ಕೈಗೆ ಮುಪ್ಪಿನಲ್ಲಿ ತುತ್ತಿದೆಯೇ ಎಂಬ ವಿಷಯದಲ್ಲಿ? ನಂಜುಂಡನನ್ನು ಟಿಪ್ಪು ಹಕೀಮ ನಂಜುಂಡನೆಂದು ಕರೆದನೆಂದು ಹೇಳಿಕೊಂಡು ಬಂದ ಊರಿನವರು ನಾವು. ರೋಗ ವಾಸಿ ಮಾಡುವವನ ಜಾತಿ ಕೇಳಿದವರಲ್ಲ. ಕಪಿಲೆಯ ದಡದಲ್ಲಿ ಕುಳಿತು ಇನ್ನೊಬ್ಬರ ದೇವರನ್ನು ಬಯ್ಯುವುದರಿಂದ ಒಬ್ಬ ಮುದುಕನ ಪಿಂಚಣಿಯೂ ಒಂದು ಪೈಸೆ ಏರುವುದಿಲ್ಲ.

ಆದ್ದರಿಂದ ನಮ್ಮ ಮಾತು ಸ್ಪಷ್ಟ. ಸೇವೆ ಮಾಡಲು ಬಂದವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸೋಣ. ಕೂರಿಸಿ, ಅವರಿಂದ ಅವರ ದೇಶದ ಪಿಂಚಣಿಯ ಕಥೆ ಕೇಳೋಣ. ಸ್ವರ್ಗದ ಕಥೆಗಿಂತ ಅದು ನಮಗೆ ಹೆಚ್ಚು ಉಪಯೋಗ. ಪಿ.ಎಫ್. ಪಿಂಚಣಿಯ ಕನಿಷ್ಠ ಮೊತ್ತ ಒಬ್ಬ ಮನುಷ್ಯ ಬದುಕುವಷ್ಟಾಗಬೇಕು, ಬೆಲೆ ಏರಿದಂತೆ ಅದೂ ಏರಬೇಕು. ಸಣ್ಣ ವ್ಯಾಪಾರಿಗೆ ನಲವತ್ತರ ಬೇಲಿ ಕಿತ್ತುಹೋಗಬೇಕು. ಸ್ವಯಂಸೇವಕಿಯೆಂಬ ಸುಳ್ಳು ಹೆಸರು ಅಳಿದು ಕೆಲಸಗಾರಳೆಂಬ ನಿಜ ಹೆಸರು ಬರಬೇಕು. ಇದನ್ನು ಕೇಳುವುದಕ್ಕೆ ಮಿಲ್ಲಿನವನೂ ಅಂಗಡಿಯವನೂ ಒಂದೇ ಸಾಲಿನಲ್ಲಿ ನಿಲ್ಲಬೇಕು.

ನಮ್ಮ ಮುದುಕ ಮುದುಕಿಯರಿಗೂ ಸೇವೆ ಮಾಡುವ ಮನಸ್ಸಿದೆ. ಮೊಮ್ಮಕ್ಕಳಿಗೆ ಕಥೆ ಹೇಳುವುದು, ಕೆರೆಯ ಏರಿ ನೋಡಿಕೊಳ್ಳುವುದು, ಶಾಲೆಯ ಗಿಡಕ್ಕೆ ನೀರು ಹಾಕುವುದು ಅವರಿಗೆ ಬರದ ವಿದ್ಯೆಯಲ್ಲ. ಆದರೆ ಗೇಟಿನ ಕುರ್ಚಿಯಿಂದ ಮೊದಲು ಅವರನ್ನು ಎಬ್ಬಿಸಿ ಮನೆಗೆ ಕರೆತರಬೇಕು. ಛತ್ರದ ಅನ್ನ ಒಂದು ರಾತ್ರಿಗೆ. ದುಡಿದ ಜೀವಕ್ಕೆ ಬೇಕಾದದ್ದು ಕೊನೆಯ ದಿನದವರೆಗಿನ ಅನ್ನ. ಅದು ಅವರದೇ ಅನ್ನ.