ತುದಿಗಾಲೂ ತುದಿಗಾಲಿಯೂ

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಒಂದು ಸಣ್ಣ ಪಂಚಾಯಿತಿ ನಡೆಯಿತು. ಫಿರ್ಯಾದಿ ನನ್ನ ಮಗಳು. ಪ್ರತಿವಾದಿ ಹತ್ತನೆಯ ತರಗತಿಗೆ ಕಾಲಿಡುತ್ತಿರುವ ಮೊಮ್ಮಗಳು. ವ್ಯಾಜ್ಯದ ವಸ್ತು ಒಂದು ಜೊತೆ ಸ್ಕೇಟು. ಪರೀಕ್ಷೆ ಮುಗಿಯುವ ತನಕ ಅವು ಅಟ್ಟದ ಮೇಲಿರಲಿ ಎಂಬುದು ಮಗಳ ವಾದ. ಮೂರು ದಶಕಗಳಿಗೂ ಮಿಕ್ಕಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಜ್ಞಾನ ಬೋಧಿಸಿದ ಅಪ್ಪ ತನ್ನ ಪಕ್ಷವೇ ವಹಿಸುವರೆಂದು ಆಕೆ ನಂಬಿದ್ದಳು. ನಾನು ಮೊಮ್ಮಗಳ ಪಕ್ಷ ವಹಿಸಿದೆ. ಮಗಳಿಗೆ ಆಶ್ಚರ್ಯಕ್ಕಿಂತ ನೋವೇ ಹೆಚ್ಚಾಯಿತೆಂದು ತೋರುತ್ತದೆ. ನನ್ನ ಕಾರಣಗಳನ್ನು ಪೂರ್ತಿಯಾಗಿ ಹೇಳಲು ಅಂದು ಅವಕಾಶ ದೊರೆಯಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಆಕೆಯೂ ಇದನ್ನು ಓದುತ್ತಾಳೆಂದು ಬಲ್ಲೆ.

ಈ ಆಟವನ್ನು ಕಾಣದವರಿಗೆ ತುಸು ವಿವರಣೆ ಅಗತ್ಯ. ನಮ್ಮ ಕಾಲದ ಸ್ಕೇಟಿಗೆ ಪುಟ್ಟ ಬಂಡಿಯಂತೆ ಮುಂದೆರಡು, ಹಿಂದೆರಡು ಗಾಲಿಗಳು. ಇನ್‌ಲೈನ್ ಸ್ಕೇಟಿನಲ್ಲಿ ನಾಲ್ಕೂ ಗಾಲಿಗಳು ಒಂದೇ ಸಾಲಿನಲ್ಲಿರುತ್ತವೆ. ಫ್ರೀಸ್ಟೈಲ್ ಆಡುವವರು ತುದಿಯ ಎರಡು ಗಾಲಿಗಳನ್ನು ಕೊಂಚ ಚಿಕ್ಕದಾಗಿಸಿಕೊಳ್ಳುತ್ತಾರೆ. ಮೊಮ್ಮಗಳ ಸ್ಕೇಟಿನಲ್ಲಿ ನಡುವಿನವು 80 ಮಿ.ಮೀ., ತುದಿಯವು 76 ಮಿ.ಮೀ. ಹೀಗೆ ತಳವು ಬಾಳೆಹಣ್ಣಿನಂತೆ ಬಾಗಿರುವುದರಿಂದ ತಿರುಗುವುದು ಸುಲಭವಾಗುತ್ತದೆ. ನೆಲದ ಮೇಲೆ ಸಾಲಾಗಿ ಪುಟ್ಟ ಶಂಕುಗಳನ್ನಿಟ್ಟು ಅವುಗಳ ನಡುವೆ ಹಾವಿನಂತೆ ಸುಳಿಯುವುದೇ ಆಟ. ಸ್ಪರ್ಧೆಗಳಲ್ಲಿ ಶಂಕುಗಳ ಅಂತರ 50, 80 ಅಥವಾ 120 ಸೆಂ.ಮೀ. ಇದರಲ್ಲಿ ‘ಟೋ ವೀಲಿಂಗ್’ ಎಂಬ ಒಂದು ಚಮತ್ಕಾರವಿದೆ. ಒಂದು ಕಾಲನ್ನು ಪೂರ್ತಿ ಎತ್ತಿ, ಇನ್ನೊಂದರ ಹಿಮ್ಮಡಿಯನ್ನೂ ಎತ್ತಿ, ಕೇವಲ ಮುಂದಿನ ಒಂದೇ ಗಾಲಿಯ ಮೇಲೆ ಸಾಗುವುದು. ಇಡೀ ದೇಹದ ಭಾರ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ! ನಾವು ತುದಿಗಾಲಲ್ಲಿ ನಿಲ್ಲುತ್ತೇವೆ. ಅವಳು ತುದಿಗಾಲಿಯಲ್ಲಿ ನಿಲ್ಲುತ್ತಾಳೆ.

ಇದನ್ನು ಆಕೆ ಕಲಿತದ್ದು ಬೆಂಗಳೂರಿನ ನಮ್ಮ ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ, ಕಾರುಗಳು ಹೊರಗೆ ಹೋಗಿರುವ ಹೊತ್ತಿನಲ್ಲಿ, ಶಂಕುಗಳ ಬದಲು ಕಾಗದದ ಲೋಟಗಳನ್ನಿಟ್ಟುಕೊಂಡು. ಎಂಟು ತಿಂಗಳು ಹಿಡಿಯಿತು. ಸಂಜೆಯ ವಾಯುವಿಹಾರದ ನೆಪದಲ್ಲಿ ನಾನೂ ಅಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುತ್ತಿದ್ದೆ.

ಮೇಷ್ಟರ ಚಟ ಸುಮ್ಮನಿರಗೊಡುವುದಿಲ್ಲವಷ್ಟೆ. ಮೊದಲ ವಾರವೇ ಉಪದೇಶ ಆರಂಭಿಸಿದೆ. “ಗುರುತ್ವ ಕೇಂದ್ರ ಕೆಳಗಿದ್ದಷ್ಟೂ ಸ್ಥಿರತೆ ಹೆಚ್ಚು. ಆದ್ದರಿಂದ ಮೊಣಕಾಲನ್ನು ಚೆನ್ನಾಗಿ ಬಗ್ಗಿಸು, ಕುಗ್ಗಿ ಕೂರು.” ಆಜ್ಞಾಧಾರಕಳಾದ ಹುಡುಗಿ ಹಾಗೆಯೇ ಮಾಡಿದಳು. ತೊಡೆ ನಡುಗಿತು, ಹಿಮ್ಮಡಿ ಕೆಳಗೆ ಬಿತ್ತು, ಎರಡು ಲೋಟ ಹಾರಿದವು. ಮತ್ತೆ ಹೇಳಿದೆ, ಮತ್ತೆ ಹಾರಿದವು. ಅವಳ ತರಬೇತುದಾರನಾದ ಯುವಕನೊಬ್ಬ ಹೇಳಿಕೊಟ್ಟದ್ದು ಎರಡೇ ಮಾತು: ಕಾಲನ್ನು ನೋಡಬೇಡ, ಮುಂದೆ ನೋಡು, ಮೊಣಕಾಲು ಬೆರಳುಗಳ ಮೇಲಕ್ಕೆ ಬರಲಿ.

ನನ್ನ ತಪ್ಪು ನನಗೆ ಹೊಳೆದದ್ದು ಒಂದು ರಾತ್ರಿ ಕೋಲೊಂದನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿ ನೋಡಿದಾಗ. (ಮನೆಯವರಿಗೆ ಗಾಬರಿಯಾಯಿತು.) ಉದ್ದನೆಯ ಕೋಲು ನಿಲ್ಲುತ್ತದೆ, ಪೆನ್ಸಿಲು ನಿಲ್ಲುವುದಿಲ್ಲ. ಉದ್ದವಾದದ್ದು ನಿಧಾನವಾಗಿ ವಾಲುತ್ತದೆ. ವಾಲಿದ ಕಡೆಗೆ ಅಂಗೈಯನ್ನು ಸರಿಸಲು ನಮಗೆ ಸಮಯ ಸಿಗುತ್ತದೆ. ತುದಿಗಾಲಿಯ ಮೇಲಿನ ಹುಡುಗಿ ಮಾಡಬೇಕಾದದ್ದೂ ಇದೇ: ದೇಹ ವಾಲಿದ ಕಡೆಗೆ ಗಾಲಿಯನ್ನು ಓಡಿಸುತ್ತಾ, ಎತ್ತಿದ ಕಾಲನ್ನೂ ತೋಳುಗಳನ್ನೂ ಆಚೀಚೆ ಸರಿಸಿ ಸರಿದೂಗಿಸುತ್ತಾ ಇರುವುದು. ನಾನು ಹೇಳಿಕೊಟ್ಟದ್ದು ಮೇಜಿನ ಮೇಲೆ ನಿಂತ ವಸ್ತುವಿನ ಪಾಠ. ಸ್ಥಿರ, ಅಸ್ಥಿರ, ತಟಸ್ಥ ಎಂಬ ಮೂರು ಸಮತೋಲನಗಳಿಗೆ ಶಂಕುವನ್ನೇ ಉದಾಹರಣೆಯಾಗಿ ತೋರಿಸುತ್ತಿದ್ದೆನಲ್ಲ, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬುಡದ ಮೇಲೆ ನಿಂತದ್ದು ಸ್ಥಿರ, ಮಲಗಿದ್ದು ತಟಸ್ಥ, ತುದಿಯ ಮೇಲೆ ನಿಲ್ಲಿಸಿದರೆ ಅಸ್ಥಿರ, ಬಿದ್ದುಹೋಗುತ್ತದೆ, ಮುಂದಿನ ಪುಟ. ಅಸ್ಥಿರ ಸಮತೋಲನದಲ್ಲಿಯೂ ಕ್ಷಣಕ್ಷಣವೂ ತಿದ್ದಿಕೊಳ್ಳುತ್ತಾ ಒಬ್ಬರು ಹತ್ತು ಮೀಟರು ಸಾಗಬಹುದೆಂದು ನಾನು ಒಂದು ದಿನವೂ ಹೇಳಲಿಲ್ಲ.

ಇನ್ನೊಂದು ಸಂಗತಿಯನ್ನು ಕುರ್ಚಿಯಲ್ಲಿ ಕುಳಿತೇ ಕಂಡುಕೊಂಡೆ. ಈ ವಿದ್ಯೆಯಲ್ಲಿ ಹಿಂದಕ್ಕೆ ವಾಲಿದರೆ ಅಪಾಯವಿಲ್ಲ, ಉಳಿದ ಮೂರು ಗಾಲಿಗಳು ನೆಲಕ್ಕೆ ತಾಗಿ ಆಸರೆ ಕೊಡುತ್ತವೆ. ಮುಂದಕ್ಕೆ ವಾಲಿದರೆ ಮಾತ್ರ ಬೀಳುವುದು. ಆದ್ದರಿಂದ ಕಲಿಯುವವರೆಲ್ಲ ತಮಗರಿವಿಲ್ಲದೆಯೇ ಹಿಂದಕ್ಕೆ ಒರಗುತ್ತಾರೆ, ಹಿಮ್ಮಡಿ ಕೆಳಗಿಳಿಯುತ್ತಲೇ ಇರುತ್ತದೆ. ಐದು ತಿಂಗಳು ಅವಳು ಅಲ್ಲೇ ನಿಂತಿದ್ದಳು. ಒಂದು ಸಂಜೆ ಮುಂದಕ್ಕೆ ಬಾಗಿ, ಮಣಿಕಟ್ಟಿನ ಕವಚ ನೆಲಕ್ಕೆ ಉಜ್ಜುವಂತೆ ಬಿದ್ದಳು. ಎದ್ದು ಮತ್ತೆ ಬಿದ್ದಳು. ಅಂದಿನಿಂದಲೇ ಗಾಲಿ ಹಿಡಿತಕ್ಕೆ ಬರತೊಡಗಿತು. ನಾನು ಬಾಯಿ ಮುಚ್ಚಿಕೊಂಡಿದ್ದೆ. ವೃತ್ತಿಜೀವನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡದ್ದು ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಯಲ್ಲಿ ಮಾತ್ರ.

ಈಗ ತಪ್ಪೊಪ್ಪಿಗೆ. ಆಟದ ಪಿರಿಯಡ್ಡನ್ನು ದೈಹಿಕ ಶಿಕ್ಷಕರಿಂದ ‘ಸಾಲ’ ಪಡೆದು ವಿಜ್ಞಾನದ ಪುನರಾವರ್ತನೆ ಮಾಡಿಸುತ್ತಿದ್ದ ಮೇಷ್ಟರು ನಾನೇ. ಆ ಸಾಲ ಎಂದೂ ತೀರಲಿಲ್ಲ. 1994ರಲ್ಲಿ ಖೋ ಖೋ ತಂಡದಲ್ಲಿದ್ದ ಒಬ್ಬ ಹುಡುಗನ ತಂದೆಯನ್ನು ಕರೆಸಿ, ಜಿಲ್ಲಾ ಮಟ್ಟದ ಪಂದ್ಯಕ್ಕೆ ಕಳುಹಿಸಬೇಡಿರೆಂದು ಹೇಳಿದೆ. ಕಳುಹಿಸಲಿಲ್ಲ. ಹುಡುಗ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ, ನಾನು ಹೆಮ್ಮೆಪಟ್ಟೆ. ಈಚೆಗೆ ಮದುವೆಯೊಂದರಲ್ಲಿ ಸಿಕ್ಕಾಗ ಬಹಳ ಗೌರವದಿಂದ ಮಾತನಾಡಿಸಿದ. ವಿಜ್ಞಾನದಲ್ಲಿ ಎಷ್ಟು ಅಂಕ ಬಂದಿತ್ತೆಂದು ಕೇಳಿದೆ. ಮರೆತಿದೆ ಸಾರ್ ಎಂದ. ಪಂದ್ಯ ಯಾವ ಊರಿನಲ್ಲಿ, ಯಾವ ವಾರ ಇತ್ತೆಂಬುದನ್ನು ಕೇಳದೆಯೇ ಹೇಳಿದ. ಬೇಸರದಿಂದ ಹೇಳಲಿಲ್ಲ, ನಗುತ್ತಲೇ ಹೇಳಿದ. ಊಟದ ಎಲೆಯ ಮುಂದೆ ಕುಳಿತಿದ್ದ ನನಗೆ ಮುಂದಿನ ತುತ್ತು ಇಳಿಯಲಿಲ್ಲ.

ಸ್ಪೀಡ್ ಸ್ಲಾಲಂ ಎಂಬ ಸ್ಪರ್ಧೆಯಲ್ಲಿ ಒಂಟಿಕಾಲಲ್ಲಿ 20 ಶಂಕುಗಳ ಸಾಲನ್ನು ದಾಟಬೇಕು. ಒಂದು ಶಂಕು ಬಿದ್ದರೆ ದಂಡ 0.2 ಸೆಕೆಂಡು. ತಪ್ಪಿಗೆ ಬೆಲೆಯುಂಟು, ಆದರೆ ಅದು ನಿಗದಿತವಾದದ್ದು; ಆಟಗಾರ ಅದನ್ನು ತೆತ್ತು ಮುಂದೆ ಸಾಗುತ್ತಾನೆ. ಕೆಂಪು ಶಾಯಿಯ ನನ್ನ ಲೇಖನಿ ಅಷ್ಟು ಮಿತವ್ಯಯಿಯಾಗಿರಲಿಲ್ಲ. ನಮ್ಮ ರಾಜ್ಯದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂದಾಗ ನನ್ನ ಸಹೋದ್ಯೋಗಿಗಳನೇಕರು ಶಿಸ್ತು ಕೆಟ್ಟಿತೆಂದು ಹಲುಬಿದರು. ನಾನೂ ಸ್ವಲ್ಪ ಹಲುಬಿದೆ. ನೆಲಮಾಳಿಗೆಯ ಅನುಭವವಾದ ಮೇಲೆ ಆ ಹಲುಬಾಟವನ್ನು ಹಿಂತೆಗೆದುಕೊಳ್ಳುತ್ತೇನೆ.

ಮಗಳ ವಾದದಲ್ಲಿ ಹುರುಳಿಲ್ಲವೆಂದಲ್ಲ. ದಿನಕ್ಕಿರುವುದು ಇಪ್ಪತ್ತನಾಲ್ಕೇ ಗಂಟೆ. ಮುಂಗೈ ಮುರಿದರೆ ಪರೀಕ್ಷೆ ಬರೆಯುವವರಾರು ಎಂಬ ಪ್ರಶ್ನೆಗೆ ಕವಚ, ಶಿರಸ್ತ್ರಾಣಗಳೆಂಬ ಅರ್ಧ ಉತ್ತರವೇ ನನ್ನ ಬಳಿಯಿರುವುದು. ಸ್ಕೇಟಿಂಗ್ ಮಾಡಿದರೆ ಅಂಕ ಹೆಚ್ಚುವುದೆಂದು ಆಸೆ ತೋರಿಸಲೂ ನಾನು ಸಿದ್ಧನಿಲ್ಲ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 2023ರಲ್ಲಿ ನಮ್ಮ ಪುರುಷರೂ ಮಹಿಳೆಯರೂ 3000 ಮೀಟರ್ ಸ್ಕೇಟಿಂಗ್ ರಿಲೇಯಲ್ಲಿ ಕಂಚು ಗೆದ್ದರು, ನಿಜ. ನಮ್ಮ ಹುಡುಗಿ ಪದಕ ತರುವಳೆಂದೂ ಹೇಳಲಾರೆ. ಎಂಟು ತಿಂಗಳು ಬಿದ್ದು ಕಲಿತದ್ದನ್ನು, ಕಲಿತ ಮರುತಿಂಗಳೇ ಅಟ್ಟಕ್ಕೇರಿಸಿರೆಂದು ಇನ್ನೊಂದು ಮಗುವಿಗೆ ಹೇಳುವ ಶಕ್ತಿ ನನಗಿಲ್ಲ, ಅಷ್ಟೆ.

ತೀರ್ಪು ಇನ್ನೂ ಬಂದಿಲ್ಲ. ವಾರಕ್ಕೆ ಮೂರು ಸಂಜೆ, ಒಂದೊಂದು ಗಂಟೆ ಎಂಬಲ್ಲಿಗೆ ನಾನು ಇಳಿದಿದ್ದೇನೆ. ಮಗಳು ಒಂದಕ್ಕೇ ನಿಂತಿದ್ದಾಳೆ. ಈ ನಡುವೆ ಲೋಟಗಳ ಅಂತರವನ್ನು ಅಳೆಯಲೆಂದು ನನ್ನ ಹಳೆಯ ಮರದ ಮೀಟರು ಕೋಲನ್ನು ಮೊಮ್ಮಗಳು ಕೊಂಡೊಯ್ದಿದ್ದಾಳೆ. ಅದೇ ಕೋಲು, ನಿಮ್ಮ ಅಂಗೈಗಳಿಗೂ ಪರಿಚಿತವಾದದ್ದು. 80 ಸೆಂಟಿಮೀಟರಿನ ಗೆರೆಯ ಮೇಲೆ ಸ್ಕೆಚ್ ಪೆನ್ನಿನಿಂದ ಗುರುತು ಹಾಕಿಕೊಂಡಿದ್ದಾಳೆ, ಇನ್ನೂ ಹಿಂತಿರುಗಿಸಿಲ್ಲ.