ಉರಿದ ದೀಪದ ಋಣ

ಮರ್ಯಾದಸ್ಥರ ಮನೆಯಲ್ಲಿ ಸಾಲಕ್ಕಿಂತ ಸಾಲದ ಮಾತೇ ಹೆಚ್ಚು ಭಾರ. ದಿನಸಿ ಅಂಗಡಿಯ ಲೆಕ್ಕ ಎರಡು ತಿಂಗಳು ನಿಂತರೆ ಅಂಗಡಿಯವನಿಗೆ ಒಂದು ಸಮಾಧಾನ ಹೇಳಬಹುದು. ಮಕ್ಕಳ ಶಾಲೆಯ ಫೀಜಿಗೆ ವಾರದ ವಾಯಿದೆ ಬೇಡಬಹುದು. ವಿದ್ಯುತ್ತಿನ ಬಿಲ್ಲು ಬಾಕಿ ಬಿದ್ದಾಗ ಮಾತ್ರ ಮನಸ್ಸು ಬೇರೆಯೇ ಬಗೆಯಲ್ಲಿ ಕುಗ್ಗುತ್ತದೆ. ಸಾಲುಮನೆಗಳಲ್ಲೆಲ್ಲ ದೀಪ ಉರಿದು ಒಂದು ಮನೆ ಮಾತ್ರ ಕತ್ತಲಲ್ಲಿ ಕುಳಿತರೆ, ಆ ಮನೆಯ ಕೈ ಸೋತಿದೆಯೆಂದು ಯಾರೂ ಡಂಗುರ ಹೊಡೆಯಬೇಕಾಗಿಲ್ಲ. ಈ ಭಯದಿಂದಲೇ ಎಷ್ಟೋ ಸಂಸಾರಗಳಲ್ಲಿ ಬಿಲ್ಲಿನ ಚೀಟಿ ಮಡಿಸಿಕೊಂಡು ಕ್ಯಾಲೆಂಡರಿನ ಹಿಂದೆ ಸೇರುತ್ತದೆ. ಕಣ್ಣಿಗೆ ಮರೆಯಾದ ಮಾತ್ರಕ್ಕೆ ಚೀಟಿ ಸುಮ್ಮನಿರುವುದೇ? ಅದಕ್ಕೆ ಬಡ್ಡಿ ಉಂಟು, ವಾಯಿದೆ ಉಂಟು, ಕಾನೂನು ಉಂಟು.

ಹಿಂದಿನವರಿಗೆ ಈ ಕಷ್ಟ ಇರಲಿಲ್ಲ. ಕಂದೀಲಿಗೆ ಬೇಕಾದ ಸೀಮೆಎಣ್ಣೆಯನ್ನು ಅಳೆಸಿಕೊಂಡು ಬಂದು ಉರಿಸುತ್ತಿದ್ದರು. ಸೀಸೆ ಬರಿದಾಯಿತೆಂದರೆ ಬೇಗ ಮಲಗುತ್ತಿದ್ದರು. ವಿದ್ಯುತ್ತು ಹಾಗಲ್ಲ, ಅದು ಮೊದಲು ಉರಿದು, ಆಮೇಲೆ ಬೆಲೆ ಕೇಳುವ ವಸ್ತು. ತಿಂಗಳುದ್ದಕ್ಕೂ ಪ್ರತಿ ಮನೆಯೂ ತನಗೆ ತಿಳಿಯದಂತೆಯೇ ಸಾಲ ಮಾಡುತ್ತಿರುತ್ತದೆ. ಆದ್ದರಿಂದಲೇ ಕಂಪನಿಯು ಸುಮಾರು ಎರಡು ತಿಂಗಳ ಬಿಲ್ಲಿನಷ್ಟು ಮೊತ್ತವನ್ನು ಮುಂಗಡ ಠೇವಣಿಯಾಗಿ ಇಟ್ಟುಕೊಂಡಿರುತ್ತದೆ. ಬಳಕೆ ಹೆಚ್ಚಿದಾಗ ಹೆಚ್ಚುವರಿ ಠೇವಣಿಯನ್ನೂ ಕೇಳುತ್ತದೆ. ಎಲ್ಲರೂ ಪ್ರತಿ ತಿಂಗಳೂ ಮಾಡುವ ಸಾಲ ಒಂದು ತಿಂಗಳು ತಡವಾದರೆ ಅದರಲ್ಲಿ ಅವಮಾನವೆಲ್ಲಿಂದ ಬಂತು?

ಶಿಡ್ಲಘಟ್ಟದ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಊರಿಗೆ ಊರೇ ರೇಷ್ಮೆಯನ್ನು ನಂಬಿದ್ದು. ಈ ಮನೆಯ ಯಜಮಾನನೂ ನೂಲು ಬಿಚ್ಚಾಣಿಕೆಯವನು. ಹಿತ್ತಲ ಶೆಡ್ಡಿನಲ್ಲಿ ಅವನ ಯಂತ್ರಗಳಿವೆ. ಈ ಕಸುಬಿನ ಲೆಕ್ಕ ವಿಚಿತ್ರವಾದುದು. ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗಿದವನು ಹಣ ಸಿದ್ಧವಿಟ್ಟುಕೊಂಡೇ ಕೂಗಬೇಕು; ಗೂಡು ಬೇಯಿಸುವ ಒಲೆಗೆ ಸೌದೆ, ಕೆಲಸದವರಿಗೆ ಕೂಲಿ, ಯಂತ್ರಕ್ಕೆ ವಿದ್ಯುತ್ತು, ಯಾವುದೂ ಕಾಯುವಂಥದಲ್ಲ. ನೂಲಿನ ಹಣ ಮಾತ್ರ ನೂಲು ಮಾರಿದ ಮೇಲೆ. ಬೆಲೆ ಬಿದ್ದ ವಾರ ನೂಲಿನ ಲಡಿಗಳು ಮನೆಯಲ್ಲೇ ಉಳಿಯುತ್ತವೆ. ಆಗ ಅವನು ಬಡವನೂ ಅಲ್ಲ, ಕೈಯಲ್ಲಿ ಕಾಸಿರುವವನೂ ಅಲ್ಲ.

ಅದೇ ತಿಂಗಳು ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಬಾಣಂತಿಗೂ ಮಗುವಿಗೂ ಹೊತ್ತುಹೊತ್ತಿಗೆ ಬಿಸಿನೀರು. ರಾತ್ರಿಯೆಲ್ಲ ದೀಪ, ಫ್ಯಾನು. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಆ ಮನೆಗೆ ಶೂನ್ಯ ಬಿಲ್ಲು ಬರುವುದು ರೂಢಿಯಾಗಿತ್ತು. ಈ ಸಲ ಮೀಟರು 212 ಯೂನಿಟ್ ತೋರಿಸಿತು. ಹನ್ನೆರಡು ಯೂನಿಟ್ಟಿಗೆ ಬೆಲೆ ಕೊಟ್ಟರೆ ಸಾಕೆಂದು ಯಾರಾದರೂ ಎಣಿಸುತ್ತಾರೆ. ನಿಯಮ ಹಾಗಿಲ್ಲ. ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದು ಮಿತಿ ಗೊತ್ತುಮಾಡಿದೆ. ಆ ಮಿತಿ ಮೀರಿಯೂ 200ರ ಒಳಗಿದ್ದರೆ ಹೆಚ್ಚಿನದಕ್ಕೆ ಮಾತ್ರ ಹಣ. 200 ದಾಟಿದರೆ ಇಡೀ ಬಿಲ್ಲನ್ನೂ ಕಟ್ಟಬೇಕು. ಹೀಗೆ ಸುಮಾರು 1,700 ರೂಪಾಯಿಯ ಚೀಟಿ ಬಂತು. ಶೆಡ್ಡಿನ ಮೀಟರಿನ 6,000 ರೂಪಾಯಿ ಬೇರೆ ನಿಂತಿತ್ತು.

ಯಜಮಾನ ಎರಡು ಚೀಟಿಗಳನ್ನೂ ಕ್ಯಾಲೆಂಡರಿನ ಹಿಂದೆ ಇಟ್ಟ. ನಾಮಕರಣದ ದಿನ ಹತ್ತಿರವಿತ್ತು. ಛತ್ರಕ್ಕೆ ಮಾತು ಕೊಟ್ಟಾಗಿತ್ತು. ಬೀಗರ ಮುಂದೆ ಕೈ ಕಟ್ಟಿತೆನ್ನಿಸಿಕೊಳ್ಳಬಾರದೆಂದು ಅವನು ಐದು ರೂಪಾಯಿ ಬಡ್ಡಿಯ ಸಾಲವೊಂದನ್ನು ಗುಟ್ಟಾಗಿ ಗೊತ್ತುಮಾಡಿಕೊಂಡು ಬಂದಿದ್ದ. ಕ್ಯಾಲೆಂಡರು ಸರಿಪಡಿಸಲು ಹೋದ ಹೆಂಡತಿಯ ಕೈಗೆ ಚೀಟಿಗಳು ಸಿಕ್ಕಿದುವು.

“ಏನೂಂದ್ರೆ, ಕರೆಂಟಿನ ಬಿಲ್ಲು ಇನ್ನೂ ಕಟ್ಟಿಲ್ಲವೆ?”

“ನೂಲು ಹೋದ ಕೂಡಲೆ ಕಟ್ಟೋಣ ಅಂತಿದ್ದೆ.”

“ನೂಲು ಯಾವಾಗ ಹೋಗುತ್ತೆ?”

ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ನೂಲಿನ ಬೆಲೆ ಏರುವ ದಿನವನ್ನು ಯಾರೂ ಹೇಳಲಾರರು. ಬಿಲ್ಲಿನ ಕೊನೆಯ ದಿನವೋ ಚೀಟಿಯ ಮೇಲೆಯೇ ಅಚ್ಚಾಗಿತ್ತು.

ಆ ದಿನಗಳ ಲೆಕ್ಕವನ್ನು ಪ್ರತಿ ಗೃಹಿಣಿಯೂ ತಿಳಿದಿರತಕ್ಕದ್ದು. ಬಿಲ್ಲು ಬಂದ ಮೊದಲ 15 ದಿನ ಬಡ್ಡಿಯಿಲ್ಲ. ಅನಂತರದ 15 ದಿನ ಬಡ್ಡಿ ಸಹಿತ ಕಟ್ಟಲು ಅವಕಾಶ. ಆಮೇಲೂ 100 ರೂಪಾಯಿಗೆ ಮೀರಿದ ಬಾಕಿ ನಿಂತಿದ್ದರೆ ಸಂಪರ್ಕ ಕಡಿಯುವುದು. 2024ರ ಸೆಪ್ಟೆಂಬರ್ 1ರಿಂದ ಬೆಸ್ಕಾಂ ಈ ಕ್ರಮವನ್ನು ಬಿಗಿಯಾಗಿ ನಡೆಸತೊಡಗಿ, ಮೀಟರ್ ಓದುವವರ ಜೊತೆಯಲ್ಲೇ ಲೈನ್‌ಮನ್ ಕೂಡ ಬರುವ ಏರ್ಪಾಡು ಮಾಡಿತು. ಆದರೆ ಹೇಳದೆ ಕೇಳದೆ ಕತ್ತಲು ಮಾಡುವ ಅಧಿಕಾರ ಯಾರಿಗೂ ಇಲ್ಲ. 2003ರ ವಿದ್ಯುಚ್ಛಕ್ತಿ ಕಾಯಿದೆಯ 56ನೆಯ ಪ್ರಕರಣದಂತೆ, ಬರಹದಲ್ಲಿ ಪೂರ್ಣ 15 ದಿನಗಳ ತಿಳಿವಳಿಕೆ ಕೊಟ್ಟೇ ಕಡಿಯಬೇಕು.

ಇನ್ನು ಬಡ್ಡಿಯ ಮಾತು. ತಡವಾದ ಬಿಲ್ಲಿಗೆ ತಿಂಗಳಿಗೆ ನೂರಕ್ಕೆ ಒಂದರಂತೆ, ತಡವಾದಷ್ಟು ದಿನಕ್ಕೆ ಮಾತ್ರ ಬಡ್ಡಿ. ಊರಿನ ಮಾತಿನಲ್ಲಿ ಹೇಳುವುದಾದರೆ ಇದು ಒಂದು ರೂಪಾಯಿ ಬಡ್ಡಿ. 1,700 ರೂಪಾಯಿಗೆ 15 ದಿನ ತಡವಾದರೆ ಎಂಟೂವರೆ ರೂಪಾಯಿ! ಬಿಲ್ಲಿನ ಭಯಕ್ಕೆ ಐದು ರೂಪಾಯಿ ಬಡ್ಡಿಯವನ ಮನೆಗೆ ಓಡುವುದೆಂದರೆ ಗುಬ್ಬಿಯ ಭಯಕ್ಕೆ ಹದ್ದಿನ ಗೂಡು ಹೊಕ್ಕಂತೆ. ಸಂಕೋಚಕ್ಕೆ ತೆರುವ ಬಡ್ಡಿ ಯಾವಾಗಲೂ ಬಿಲ್ಲಿನ ಬಡ್ಡಿಗಿಂತ ಹೆಚ್ಚು.

ಇಂಥ ಮುಗ್ಗಟ್ಟು ರೇಷ್ಮೆಯವರಿಗೆ ಮಾತ್ರವೇ ಬರುವುದಲ್ಲ. ಚಿಂತಾಮಣಿಯ ಟೊಮೆಟೊ ಬೆಳೆಗಾರನಿಗೆ ಒಂದು ವಾರದ ಬೆಲೆ ವರ್ಷದ ಸಾಲ ತೀರಿಸಿದರೆ, ಮತ್ತೊಂದು ವಾರದ್ದು ಕೀಳುವ ಕೂಲಿಗೂ ಸಾಲದು. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪಿಗೆ ಸರ್ಕಾರದ ಉಚಿತ ವಿದ್ಯುತ್ತು ಉಂಟಾದರೂ ಪೇಟೆಯ ಅಂಗಡಿಯ ಮೀಟರು ಬೇರೆ. ಗೌರಿಬಿದನೂರಿನ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುವವನಿಗೆ ಸಂಬಳ ಹತ್ತು ದಿನ ತಡವಾದರೆ ಮನೆಯ ಎಲ್ಲ ವಾಯಿದೆಗಳೂ ಸಾಲಾಗಿ ತಪ್ಪುತ್ತವೆ.

ಚಿಕ್ಕಬಳ್ಳಾಪುರ ಸೀಮೆಯವರು 2020ನ್ನು ಮರೆತಿರಲಾರರು. ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ದ್ರಾಕ್ಷಿ ಬಳ್ಳಿಯಲ್ಲೇ ಉಳಿಯಿತು. ಮದುವೆ ಜಾತ್ರೆಗಳಿಲ್ಲದೆ ಹೂವು ತಿಪ್ಪೆ ಸೇರಿತು. ಮೇ 6ರಂದು ರಾಜ್ಯ ಸರ್ಕಾರ ಪರಿಹಾರಗಳನ್ನು ಸಾರಿತು. ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ. ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ವಿದ್ಯುತ್ತಿನ ನಿಗದಿತ ಶುಲ್ಕದ ಮನ್ನಾ. ಬಾಕಿಗಾಗಿ ಜೂನ್ 30ರವರೆಗೆ ಸಂಪರ್ಕ ಕಡಿಯುವುದಿಲ್ಲವೆಂಬ ಭರವಸೆಯೂ ಬಂತು. ಅದೇ ಕಾಲದಲ್ಲಿ ಮೀಟರ್ ಓದಲು ಮನೆಮನೆಗೆ ಹೋಗುವುದು ನಿಂತು, ಏಪ್ರಿಲಿನಲ್ಲಿ ಸರಾಸರಿಯ ಮೇಲೆ ಬಿಲ್ಲು ಕೊಟ್ಟು, ಮೇ ತಿಂಗಳಲ್ಲಿ ನಿಜವಾದ ಲೆಕ್ಕ ಹೇಳಿದಾಗ ಮೊತ್ತ ಕಂಡು ಜನ ಬೆಚ್ಚಿದರು. ಚೀಟಿಯಲ್ಲಿ ಎಷ್ಟು ದಿನದ ಬಳಕೆ, ಹಿಂದಿನ ಓದು ಎಷ್ಟು, ಈಗಿನದೆಷ್ಟು ಎಂದು ನೋಡಿದವರು ಸಮಾಧಾನ ಪಟ್ಟರು ಅಥವಾ ಸಕಾರಣವಾಗಿ ದೂರಿದರು; ನೋಡದವರು ಬರಿದೆ ಬೈದರು.

ಆದ್ದರಿಂದ ಮೊದಲನೆಯ ಕೆಲಸ ಚೀಟಿಯನ್ನು ಬಿಡಿಸಿ ಓದುವುದು. ಅದರಲ್ಲಿ ಆರ್.ಆರ್. ನಂಬರು, ಮಂಜೂರಾದ ಲೋಡು, ಹಿಂದಿನ ಮತ್ತು ಇಂದಿನ ಓದು, ನಿಗದಿತ ಶುಲ್ಕ, ಬಳಕೆಯ ಶುಲ್ಕ, ತೆರಿಗೆ, ಹಿಂಬಾಕಿ, ಬಡ್ಡಿ ಎಲ್ಲ ಬೇರೆಬೇರೆಯಾಗಿ ಇರುತ್ತವೆ. ಯಂತ್ರ ನಿಂತ ತಿಂಗಳಲ್ಲೂ ಬಿಲ್ಲು ಏಕೆ ಬಂತೆಂದು ಬೆರಗಾಗುವವರುಂಟು. ಮಂಜೂರಾದ ಲೋಡಿನ ಮೇಲೆ ಬೀಳುವ ನಿಗದಿತ ಶುಲ್ಕ ಒಂದು ಯೂನಿಟ್ ಉರಿಯದಿದ್ದರೂ ನಿಲ್ಲದು. ಯಂತ್ರ ಬಹುಕಾಲ ನಿಲ್ಲುವುದು ಖಂಡಿತವಾದರೆ ಲೋಡನ್ನು ಇಳಿಸಿಕೊಳ್ಳಲು ಅರ್ಜಿ ಕೊಡುವುದು ವಿವೇಕ.

ಲೆಕ್ಕವೇ ತಪ್ಪೆಂದು ತೋರಿದರೆ ಕಟ್ಟದೆ ಹಟ ಹಿಡಿಯುವುದಲ್ಲ. ಆಕ್ಷೇಪಣೆಯೊಡನೆ, ಕೇಳಿದ ಮೊತ್ತವನ್ನೋ ಅಥವಾ ಹಿಂದಿನ ಆರು ತಿಂಗಳ ಸರಾಸರಿಯಂತೆ ಲೆಕ್ಕ ಹಾಕಿದ ಮೊತ್ತವನ್ನೋ, ಯಾವುದು ಕಡಮೆಯೋ ಅದನ್ನು ಕಟ್ಟಿದರೆ ವಿವಾದ ತೀರುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಇದೂ ಅದೇ 56ನೆಯ ಪ್ರಕರಣದ ಮಾತು. ಕಚೇರಿಯ ಉತ್ತರ ತೃಪ್ತಿ ತರದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆಯೂ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್‌ರೂ ಇದ್ದಾರೆ.

ಲೆಕ್ಕ ಸರಿಯಿದ್ದು ಕೈಯಲ್ಲಿ ಹಣವಿಲ್ಲದಿದ್ದರೆ, ವಾಯಿದೆ ಮುಗಿಯುವ ಮುನ್ನವೇ ಉಪವಿಭಾಗದ ಕಚೇರಿಗೆ ಹೋಗಬೇಕು. ಬಾಯಿಮಾತು ಸಾಲದು. ಆರ್.ಆರ್. ನಂಬರು ಕಾಣಿಸಿ, ಮುಗ್ಗಟ್ಟಿನ ಕಾರಣವನ್ನು ನಾಲ್ಕು ಸಾಲಿನಲ್ಲಿ ಹೇಳಿ, ಈಗ ಕಟ್ಟುವುದೆಷ್ಟು, ಉಳಿದದ್ದು ಯಾವ ಯಾವ ತಾರೀಖಿಗೆ ಎಂದು ಬರೆದು ಕೊಟ್ಟು, ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. ಕಂತು ಕೊಡುವುದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು, ಅದು ಹಕ್ಕಲ್ಲ. ಆದರೆ ಒಂದಿಷ್ಟು ಹಣ ಕೈಯಲ್ಲಿ ಹಿಡಿದು, ದಿನ ಗೊತ್ತುಮಾಡಿ ಬಂದವನ ಮಾತಿಗೂ, ಲೈನ್‌ಮನ್ ಬಾಗಿಲಿಗೆ ಬಂದ ಮೇಲೆ ಅಂಗಲಾಚುವವನ ಮಾತಿಗೂ ತೂಕದಲ್ಲಿ ಅಂತರವುಂಟು.

ಮಾಡಬಾರದ ಕೆಲಸಗಳೂ ಕೆಲವುಂಟು. ಶೆಡ್ಡಿನ ಸಂಪರ್ಕ ಹೋಯಿತೆಂದು ಮನೆಯ ತಂತಿಯಿಂದ ಯಂತ್ರ ಓಡಿಸಿದರೆ ಅದು ಅನಧಿಕೃತ ಬಳಕೆ. ಕಾಯಿದೆಯಂತೆ ಎರಡು ಪಟ್ಟು ದರ ತೆರಬೇಕಾಗುತ್ತದೆ. ಕಡಿದ ಸಂಪರ್ಕವನ್ನು ತಾನೇ ಜೋಡಿಸಿಕೊಳ್ಳುವುದು ಶಿಕ್ಷಾರ್ಹ ಅಪರಾಧ, ಜೀವಕ್ಕೂ ಅಪಾಯ. ಇನ್ನು, “ಈ ರಾತ್ರಿಯೇ ನಿಮ್ಮ ಕರೆಂಟು ಕಡಿಯಲಾಗುವುದು, ಕೂಡಲೆ ಈ ನಂಬರಿಗೆ ಮಾತನಾಡಿ” ಎಂದು ಫೋನಿಗೆ ಬರುವ ಸಂದೇಶಗಳು ಬಹುಮಟ್ಟಿಗೆ ವಂಚಕರವು. ಬಾಕಿಯನ್ನು ಗುಟ್ಟಾಗಿಟ್ಟವನೇ ಅವಕ್ಕೆ ಸುಲಭವಾಗಿ ಬೀಳುವುದು. ಏಕೆಂದರೆ ಅವನು ಯಾರನ್ನೂ ವಿಚಾರಿಸಲಾರ. ಸಂಶಯ ಬಂದರೆ ಬೆಸ್ಕಾಂನ 1912ಕ್ಕೆ ಕೇಳಬಹುದು, ಇಲ್ಲವೆ ಕಚೇರಿಗೇ ಹೋಗಬಹುದು.

ಶಿಡ್ಲಘಟ್ಟದ ಆ ಮನೆಯಲ್ಲಿ ಅಂದು ರಾತ್ರಿ ಊಟವಾದ ಮೇಲೆ ಗಂಡಹೆಂಡಿರು ಎರಡು ಚೀಟಿಗಳನ್ನೂ ಮುಂದಿಟ್ಟುಕೊಂಡು ಕುಳಿತರು. ಹಸುಗೂಸಿರುವ ಮನೆಯ ದೀಪ ಮೊದಲು. ಆ ಮೊತ್ತ ಚಿಕ್ಕದು, ಪೂರ್ತಿ ಕಟ್ಟುವುದು. ಅನ್ನ ಕೊಡುವ ಶೆಡ್ಡಿಗೆ ಅರ್ಧ ಹಣ ಕಟ್ಟಿ, ಉಳಿದರ್ಧಕ್ಕೆ ಎರಡು ಕಂತು ಕೇಳುವುದು. ಹಣ ಎಲ್ಲಿಂದ? ಛತ್ರಕ್ಕೂ ಅಡಿಗೆಯವರಿಗೂ ಎಂದು ತೆಗೆದಿಟ್ಟದ್ದಿತ್ತು.

“ಬೀಗರು ಏನೆಂದುಕೊಂಡಾರು?” ಎಂದ ಯಜಮಾನ.

“ಮನೆಯಲ್ಲೇ ತೊಟ್ಟಿಲು ಕಟ್ಟೋಣ. ಹೋಳಿಗೆ ನಾನೇ ತಟ್ಟುತ್ತೇನೆ. ಬೀಗರು ಬಂದ ಹೊತ್ತಿಗೆ ದೀಪ ಹೋದರೆ ಏನೆಂದುಕೊಂಡಾರು, ಅದನ್ನು ಹೇಳಿ” ಎಂದಳು ಅವಳು.

ಒಳಗಿನಿಂದ ಬಾಣಂತಿ ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಅಪ್ಪಾ, ನನಗೆ ಮೊದಲೇ ಹೇಳಬಾರದಿತ್ತೇ? ನೀರನ್ನು ಸೌದೆ ಒಲೆಯಲ್ಲೇ ಕಾಯಿಸಿಕೊಳ್ಳುತ್ತಿದ್ದೆವು” ಎಂದಳು. ಅಪ್ಪನಿಗೆ ಆ ಮಾತು ನಾಟಿತು. ಮನೆಯವರಿಗೆ ತೊಂದರೆ ತಟ್ಟಬಾರದೆಂದು ಅವನು ಮುಚ್ಚಿಟ್ಟಿದ್ದ. ಮುಚ್ಚಿಟ್ಟದ್ದರಿಂದಲೇ ಮನೆಯವರು ಕೈ ಹಿಡಿದು ಖರ್ಚು ಮಾಡುವ ಅವಕಾಶ ತಪ್ಪಿತ್ತು.

ಮರುದಿನ ಬೆಳಿಗ್ಗೆ ಅವನು ಬಡ್ಡಿಯವನ ಮನೆಯ ದಾರಿ ಬಿಟ್ಟು ಕಚೇರಿಯ ದಾರಿ ಹಿಡಿದ. ಕಿಸೆಯಲ್ಲಿ ಅರ್ಜಿಯೂ ಅದರ ನಕಲೂ ಇದ್ದುವು. ಕಂತು ಸಿಗಬಹುದು, ಸಿಗದೆಯೂ ಇರಬಹುದು. ಸಿಗದಿದ್ದರೆ ನೂಲಿನ ನಾಲ್ಕು ಲಡಿಯನ್ನು ಇಂದಿನ ಬೆಲೆಗೇ ಮಾರುವುದೆಂದು ಮಾತಾಗಿತ್ತು. ನಷ್ಟವೇನೋ ಹೌದು, ಆದರೆ ಎಷ್ಟು ನಷ್ಟವೆಂಬುದು ಈಗ ಮನೆಯವರಿಗೆಲ್ಲ ಗೊತ್ತು. ಕ್ಯಾಲೆಂಡರಿನ ಹಿಂದೆ ಬಚ್ಚಿಟ್ಟಿದ್ದ ಚೀಟಿಗಳನ್ನು ಹೆಂಡತಿ ಬಾಗಿಲ ಪಕ್ಕದ ಮೊಳೆಗೆ, ಎಲ್ಲರಿಗೂ ಕಾಣುವಂತೆ ಸಿಕ್ಕಿಸಿದಳು.